ಮಾವನ ಹುಲ್ಲಿಗೆ ಎರಡನೇ ಹೊಲಿಗೆ

‘ಸರಿ ಆಯ್ತಾ ಪುಟ್ಟಿ?’ ಅಂತ ಮಾವ ಕೇಳಿದಾಗ ‘ಫಸ್ಟ್ ಕ್ಲಾಸ್ ಆಗಿದೆ ಮಾವ’ ಅಂದುಬಿಟ್ಟಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ನಾನು ಅಮೆರಿಕದ ಅರಿಜೋನಾದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಫೀನಿಕ್ಸ್ ಪಕ್ಕದಲ್ಲೇ ಸೋದರಮಾವನ ಮನೆ, ಹಾಗಾಗಿ ಹಾಸ್ಟೆಲ್ ಖರ್ಚಿಲ್ಲ, ಸಾರಿಗೆ ಬರವಿಲ್ಲ. ನಮ್ಮ ತಿಪಟೂರಿನ ಹಿತ್ತಲಲ್ಲಿ ತೆಂಗು, ಕರಿಬೇವು ಇದ್ದರೆ ಮಾವನ ಹಿತ್ತಲಲ್ಲಿರೋದು ಪ್ಲಾಸ್ಟಿಕ್ ಹುಲ್ಲು! ಗಾಲ್ಫ್ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ‘ಪಟಿಂಗ್ ಗ್ರೀನ್’. ಇಲ್ಲಿ ನಿಜವಾದ ಹುಲ್ಲು ಸಾಕೋದು ಆನೆ ಸಾಕಿದ ಹಾಗೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. (ಈ ಕೃತಕ ಹುಲ್ಲು ಹೆಸರು ಮಾಡಿದ್ದೂ ಇಂಥದ್ದೇ ಪೇಚಿನಿಂದ. ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಆಟಗಾರರ ಕಣ್ಣು ಕುಕ್ಕುತ್ತೆ ಅಂತ ಗಾಜಿನಂಥ ಚಾವಣಿಗೆ ಬಣ್ಣ ಬಳಿದರು, ಬೆಳಕಿಲ್ಲದೆ ಹುಲ್ಲು ಸತ್ತಿತು, 1966ರಲ್ಲಿ ಪ್ಲಾಸ್ಟಿಕ್ ಹಾಸಿದರು.)

ಮಾವನಿಗೆ ಫೆಬ್ರುವರಿಯಲ್ಲಿ ಮಂಡಿ ಬದಲಿಸುವ ಆಪರೇಷನ್ ಆಯ್ತು. ‘ನಡೀರಿ’ ಅಂದರೆ ನಡೆಯದ ಮನುಷ್ಯ, ಚೆಂಡಿನ ಹಿಂದೆ ಮಾತ್ರ ದಿನಾ ಒಂದು ಗಂಟೆ ಓಡಾಡುತ್ತಿದ್ದರು. ಅತ್ತೆಗೂ ಅದೇ ಸಮಾಧಾನ. ಅಷ್ಟರಲ್ಲಿ ಹಾಸಿನ ನಡುವೆ ಎರಡು ಪಟ್ಟಿ ಸೇರುವ ಕಡೆ ಮೂರಡಿ ಉದ್ದಕ್ಕೆ ಬಾಯಿ ಬಿಟ್ಟಿತು. ಹಾಸು ಜಮಖಾನದಂತೆ ಸುರುಳಿಯಲ್ಲಿ ಬರುತ್ತೆ, ಪಟ್ಟಿಗಳನ್ನು ಕೂಡಿಸಲೇಬೇಕು. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಅಡಿಯ ಅಂಟು ಸೋತಿತ್ತು.

‘ಇಂಜಿನಿಯರ್ ಮನೇಲೇ ಇದ್ದಾಳೆ’ ಅಂತ ಮಾವ ನನ್ನ ಕಡೆ ನೋಡಿದರು. ಮೇ ತಿಂಗಳ ಮಧ್ಯಾಹ್ನ, ಬೆರಳು ಅಂಟಿದರೆ ಚರ್ಮ ಕಿತ್ತುಬರುವಂಥ ದಿಢೀರ್ ಗಮ್ ತಂದು, ಎರಡು ಅಂಚಿಗೂ ಸುರಿದು ಒತ್ತಿಹಿಡಿದೆ. ಹತ್ತು ನಿಮಿಷದ ಕೆಲಸ! ನನಗೆ ಅವತ್ತು ಅಸೈನ್‌ಮೆಂಟ್ ಬೇರೆ ಇತ್ತು.

ಐದನೇ ದಿನ ಅಂಚು ಮತ್ತೆ ಎದ್ದಿತು. ಅದು ಮೊದಲು ಗೊತ್ತಾಗಿದ್ದು ಮಾವನ ಚಪ್ಪಲಿಗೆ. ಮುಗ್ಗರಿಸಿ ಎಡಗೈ ಊರಿ ಬಿದ್ದರು. ಹೊಸ ಮಂಡಿಗೆ ಏನೂ ಆಗಲಿಲ್ಲ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ಅವರು ‘ನಾನೇ ನೋಡ್ಕೊಂಡು ನಡೀಲಿಲ್ಲ’ ಅಂದರು. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದಮೇಲೆ ‘ಅದನ್ನ ಕಿತ್ತು ಬಿಸಾಕಿಸ್ತೀನಿ’ ಅಂದರು ಅಷ್ಟೆ.

ಒಂದು ಭಾನುವಾರ ಕೊಡಿ ಅಂತ ಕೇಳಿಕೊಂಡೆ.

ಈ ಸಲ ಓದಿಕೊಂಡು ಇಳಿದೆ. ಬಿಸಿಲಿಗೆ ಹಿಗ್ಗಿದ ಹಾಸನ್ನು ಅಂಟಿಸಿದರೆ ರಾತ್ರಿ ಕುಗ್ಗುವಾಗ ಅದೇ ಎಳೆದು ಬಿಚ್ಚಿಕೊಳ್ಳುತ್ತೆ. ಅಂಚಿಗೆ ಅಂಚು ಅಂಟಿಸಿದರೆ ನಿಲ್ಲಲ್ಲ, ಅಡಿಯಲ್ಲಿ ಒಂದಡಿ ಅಗಲದ ಟೇಪ್ ಬೇಕು. ಹಾಗಾಗಿ ಬೆಳಗಿನ ಜಾವ ನಾಲ್ಕೂವರೆಗೇ ಟಾರ್ಚ್ ಹಿಡಿದು ಕೂತೆ. ಎಳೆಗಳ ನಡುವಿನ ಮರಳನ್ನು ಬ್ರಷ್‌ನಿಂದ ಗುಡಿಸಿ ತೆಗೆದೆ. ಅಂಚು ಮಡಚಿ ಹಳೇ ಟೇಪ್ ಕೆರೆದೆ. ಅಡಿಯ ಜಲ್ಲಿಪುಡಿ ಒಂದು ಕಡೆ ತಗ್ಗಾಗಿತ್ತು, ತುಂಬಿ ಕುಟ್ಟಿ ಮಟ್ಟ ಮಾಡಿದೆ. ಆದರೆ ನನ್ನ ದಿಢೀರ್ ಗಮ್ ಕುಡಿದ ಅಂಚು ಕಲ್ಲಾಗಿ ಕೂತಿತ್ತಲ್ಲ! ಎರಡೂ ಕಡೆ ಎರಡೆರಡು ಇಂಚು ಕತ್ತರಿಸದೆ ದಾರಿಯಿರಲಿಲ್ಲ. ಗ್ಯಾರೇಜಿನಲ್ಲಿ ಉಳಿದಿದ್ದ ತುಂಡಿನಿಂದ ನಾಲ್ಕಿಂಚಿನ ಪಟ್ಟಿ ಕೊಯ್ದೆ. ಮೇಲಿನಿಂದ ಕೊಯ್ದರೆ ಎಳೆ ತುಂಡಾಗುತ್ತೆ, ಮಗುಚಿ, ಬೆನ್ನಿನ ಕಡೆ ಎರಡು ಹೊಲಿಗೆ ಸಾಲಿನ ನಡುವೆ ಬ್ಲೇಡ್ ಎಳೆಯಬೇಕು.

ಪಟ್ಟಿ ಕೂರಿಸಿ ನೋಡಿದರೆ ಎದ್ದು ಕಾಣ್ತಿದೆ. ಹೊಸದಕ್ಕೇ ಹೀಗೆ ಅಂದುಕೊಂಡೆ. ನಮ್ಮ ಐದು ಗಂಟೆ ಅಂದರೆ ತಿಪಟೂರಿನಲ್ಲಿ ಸಂಜೆ ಐದೂವರೆ. ಅಮ್ಮ ಟೈಲರಿಂಗ್ ಅಂಗಡಿಯಲ್ಲಿದ್ದಳು, ವಿಡಿಯೊ ಕಾಲ್ ಮಾಡಿ ತೋರಿಸಿದೆ. ಒಂದೇ ಕ್ಷಣ.

‘ಉಲ್ಟಾ ಇಟ್ಟಿದೀಯಲ್ಲೇ! ವೆಲ್ವೆಟ್ ಬ್ಲೌಸ್‌ಗೆ ತೋಳು ತಿರುಗಿಸಿ ಹಾಕ್ದಂಗಿದೆ. ಕೈಯಾಡ್ಸಿ ನೋಡು, ಯಾವ್ ಕಡೆ ಮಲಗ್ತದೆ ಅಂತ.’

ಕೈಯಾಡಿಸಿದೆ. ಹೌದು, ಸುತ್ತಲಿನ ಎಳೆಗಳೆಲ್ಲ ಮನೆಯ ಕಡೆ ಮಲಗಿದ್ದವು, ನನ್ನ ಪಟ್ಟಿಯದ್ದು ಕಾಂಪೌಂಡ್ ಕಡೆ. ಚೆಂಡು ಕೂಡ ಅಲ್ಲಿ ದಾರಿ ತಪ್ಪುತ್ತಿತ್ತು. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಅಮ್ಮ ಒಂಬತ್ತು ಸಾವಿರ ಮೈಲಿ ಆಚೆಯಿಂದ ಹಿಡಿದಳು.

ತಿರುಗಿಸಿ ಇಟ್ಟೆ. ಟೇಪ್ ಹಾಸಿ, ಹಲ್ಲಿನ ಕರಣೆಯಿಂದ ಯುರೆಥೇನ್ ಅಂಟು ಎಳೆದು, ಅದು ಬೆರಳಿಗೆ ಜಿಗುಟು ಹತ್ತುವವರೆಗೆ ಕಾದೆ. ಆಮೇಲಿನದ್ದೇ ಪ್ರಾಣ ಹಿಂಡುವ ಕೆಲಸ. ಒಂದೇ ಒಂದು ಎಳೆಯೂ ಅಂಟಿಗೆ ಬೀಳದಂತೆ ಬೆರಳಿನಿಂದ ಸರಿಸುತ್ತ ಇಂಚಿಂಚೇ ಇಳಿಸಬೇಕು, ಎರಡೂ ಅಂಚಿಗೆ. ಮೂರಡಿಗೆ ಮುಕ್ಕಾಲು ಗಂಟೆ. ಮೇಲೆ ಹಲಗೆ ಇಟ್ಟು ಭಾರ ಹುಡುಕುತ್ತಿದ್ದಾಗ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಒಳಗೆ ಹೋಗಿ ಸೋನಾ ಮಸೂರಿ ಅಕ್ಕಿಯ ಮೂಟೆ ಎಳೆದುಕೊಂಡು ಬಂದರು. ‘ಇನ್ನೊಂದಿದೆ, ಎತ್ಕೊಂಡು ಬಾ’ ಅಂದರು. ಬಿದ್ದ ದಿನದಿಂದ ಅವರು ನನ್ನ ಜೊತೆ ಆಡಿದ ಉದ್ದದ ಮಾತು ಅದು.

ಒಂದಿಡೀ ದಿನ ಯಾರೂ ಕಾಲಿಡಲಿಲ್ಲ. ಮಾರನೇ ದಿನ ಮರಳು ತುಂಬಿ ಗುಡಿಸಿದೆ. ಪಟ್ಟಿಯ ಬಣ್ಣ ಒಂಚೂರು ಗಾಢ, ಬಿಸಿಲಿಗೆ ಮಾಸುತ್ತೆ. ಮಾವ ಕೇಳುವ ಮೊದಲೇ ‘ನಾಲ್ಕು ದಿನ ನೋಡೋಣ, ಆಮೇಲೆ ಹೇಳ್ತೀನಿ’ ಅಂದೆ. ದಿನಾ ಬೆಳಿಗ್ಗೆ, ರಾತ್ರಿ ಬೆರಳಿಟ್ಟು ಅಂಚು ನೋಡುತ್ತಿದ್ದೆ. ಏಳಲಿಲ್ಲ.

ಐದನೇ ದಿನ ಮಾವ ಬಂದು ಬಲಗೈಯಲ್ಲೇ ಚೆಂಡು ತಳ್ಳಿದರು. ಪಟ್ಟಿ ದಾಟಿ ನೆಟ್ಟಗೆ ಹೋಯ್ತು. ‘ಶಹಬ್ಬಾಸ್!’ ಅಂದರು. ಚೆಂಡು ತರಲು ಹೊರಟವರು ಆ ಗಾಢ ಪಟ್ಟಿ ಬಂದಾಗ ಒಂದು ಕ್ಷಣ ನಿಂತು, ಹೊಸಿಲು ದಾಟುವ ಹಾಗೆ ಕಾಲನ್ನು ಎತ್ತರಕ್ಕೆ ಎತ್ತಿಟ್ಟರು. ಈಗಲೂ ಹಾಗೇ ದಾಟುತ್ತಾರೆ.