ಹನ್ನೊಂದು ತಲೆಯ ಲೆಕ್ಕ: ಪರಊರಿನ ಮ್ಯಾಚು ತೀರ್ಮಾನವಾಗೋದು ಪ್ಲಾಟ್‌ಫಾರಂನಲ್ಲೇ!

ಫುಟ್‌ಬಾಲ್ ಮ್ಯಾಚು 90 ನಿಮಿಷದ್ದು ಅಂತ ರೂಲ್ ಪುಸ್ತಕ ಹೇಳುತ್ತದೆ. ಪರಊರಿಗೆ ಹೋಗಿ ಲೀಗ್ ಆಡುವ ಹವ್ಯಾಸಿ ತಂಡದ ಮೇನೇಜರನ್ನು ಕೇಳಿ ನೋಡಿ, ಲೆಕ್ಕವೇ ಬೇರೆ. ಅವನ ಮ್ಯಾಚು ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. ಎದುರಾಳಿಯ ಫಾರ್ವರ್ಡು ಎಷ್ಟು ಚುರುಕು ಎಂಬುದು ಆಮೇಲಿನ ಮಾತು. ಮೊದಲ ಚಿಂತೆ ಒಂದೇ: ಬೆಳಿಗ್ಗೆ ಸ್ಟೇಷನ್ನಿಗೆ ಎಷ್ಟು ತಲೆ ಬರುತ್ತವೆ?

ಕೋಲಾರದ ಚಿನ್ನದ ಗಣಿ ಊರನ್ನೇ ತೆಗೆದುಕೊಳ್ಳೋಣ. ಅಲ್ಲಿನ ಒಂದು ತಂಡ ಲೀಗ್ ಪಂದ್ಯಕ್ಕೆಂದು ಬೆಂಗಳೂರಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಮಾರಿಕುಪ್ಪಂನಲ್ಲಿ ರೈಲು ಹತ್ತಬೇಕು. ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್ ದಾಟಿ ದಂಡು ಸ್ಟೇಷನ್ನಿನಲ್ಲಿ ಇಳಿಯಬೇಕು. ದಾರಿ 80 ಕಿಲೋಮೀಟರಿಗೂ ಹೆಚ್ಚು.

ಆಡುವವರು 11 ಜನ, ಬದಲಿಗೆ ಮೂವರು, ಮೇನೇಜರ್ ಒಬ್ಬ. ಒಟ್ಟು 15 ತಲೆ. ಹೋಗಿಬರೋದಕ್ಕೆ 30 ಟಿಕೆಟ್ಟು, ಮಧ್ಯಾಹ್ನಕ್ಕೆ 15 ಊಟ. ದಂಡಿನಿಂದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಬಸ್ಸೋ ಆಟೋವೋ, ಅದು ಬೇರೆ. ಬ್ಯಾಂಡೇಜು, ಐಸು, ನೀರಿನ ಕ್ಯಾನು ಮತ್ತೂ ಬೇರೆ. ಸಂಬಳದ ತಂಡವಾದರೆ ಇದನ್ನೆಲ್ಲ ಮಾಲೀಕ ನೋಡಿಕೊಳ್ಳುತ್ತಾನೆ. ಹವ್ಯಾಸಿ ತಂಡಕ್ಕೆ ಮಾಲೀಕ ಯಾರು? ಆಡುವವನೇ ಮಾಲೀಕ, ಆಡುವವನೇ ಕೂಲಿ!

ದುಡ್ಡನ್ನು ಹೇಗೋ ಹೊಂದಿಸಬಹುದು. ಹೊಂದಿಸೋಕೆ ಆಗದಿರೋದು ರಜಾ. ಲೀಗ್ ಪಂದ್ಯ ಭಾನುವಾರವೇ ಬೀಳಬೇಕೆಂಬ ನಿಯಮವೇನೂ ಇಲ್ಲ. ವಾರದ ನಡುವೆ ಬಿದ್ದರೆ ಗ್ಯಾರೇಜಿನ ಹುಡುಗ, ಬಟ್ಟೆ ಅಂಗಡಿಯ ಸೇಲ್ಸ್‌ಮನ್, ಸೆಕ್ಯೂರಿಟಿ ಕೆಲಸದವನು, ಎಲ್ಲರದ್ದೂ ಒಂದೇ ರಾಗ: "ಅಣ್ಣಾ, ಓನರ್ರು ರಜಾ ಕೊಡಲ್ಲ ಅಂತವ್ರೆ." ಬಂದರೆ ಆ ದಿನದ ಕೂಲಿ ಹೋಯಿತು. ಬರದಿದ್ದರೆ ತಂಡದ ಬ್ಯಾಕು ಹೋದ!

ಏಳಕ್ಕಿಂತ ಕಮ್ಮಿ ಆದ್ರೆ...

ಇಲ್ಲಿ ರೂಲ್ ಪುಸ್ತಕ ಬಹಳ ಕಟ್ಟುನಿಟ್ಟು. ಒಂದು ತಂಡದಲ್ಲಿ ಏಳು ಜನಕ್ಕಿಂತ ಕಮ್ಮಿ ಇದ್ದರೆ ಪಂದ್ಯ ಶುರು ಮಾಡುವಂತಿಲ್ಲ, ನಡೆಯುತ್ತಿದ್ದ ಪಂದ್ಯವನ್ನು ಮುಂದುವರಿಸುವಂತೆಯೂ ಇಲ್ಲ. ಏಳು ಜನ ಇದ್ದರೆ ಆಡಬಹುದು, ನಿಜ. ಆದರೆ ಎದುರಿಗಿರೋರು 11 ಜನ! ಊರಿನ ಮೈದಾನದಲ್ಲಾದರೆ ಪಕ್ಕದ ಬೀದಿಯಿಂದ ಇನ್ನೊಬ್ಬ ನೋಂದಾಯಿತ ಆಟಗಾರನನ್ನು ಎಬ್ಬಿಸಿ ತರಬಹುದು. ಅಷ್ಟು ದೂರದಲ್ಲಿ ಯಾರ ಮನೆ ಬಾಗಿಲು ತಟ್ಟೋದು?

ಏಳೂ ಆಗದಿದ್ದರೆ ವಾಕ್‌ಓವರ್. ಬಾಲು ಮುಟ್ಟದೆ, ಬೆವರು ಸುರಿಸದೆ ಎದುರಾಳಿಗೆ ಅಂಕ. ಮಳೆಗೆ, ಬಿಸಿಲಿಗೆ ಪ್ರಾಕ್ಟೀಸ್ ಮಾಡಿದ್ದೆಲ್ಲ ಒಂದು ರೈಲು ತಪ್ಪಿದ್ದಕ್ಕೆ ನೀರುಪಾಲು.

ಹಿಂದೆ ಲೀಗ್‌ಗಳಲ್ಲಿ ಗೆದ್ದರೆ ಎರಡು ಅಂಕ, ಸಮ ಆದರೆ ಒಂದು. ಪರಊರಿಗೆ ಹೋದ ತಂಡ ಗೋಲಿನ ಮುಂದೆ ಗೋಡೆ ಕಟ್ಟಿ, ಡ್ರಾ ಮಾಡಿಕೊಂಡು ಬಂದರೆ ಅರ್ಧ ಗೆದ್ದ ಹಾಗೆ. ಗೆಲುವಿಗೆ ಮೂರು ಅಂಕ ಕೊಡುವ ಪದ್ಧತಿಯನ್ನು 1981ರಲ್ಲಿ ಇಂಗ್ಲೆಂಡಿನ ಲೀಗ್ ತಂದಿತು. 1994ರ ವಿಶ್ವಕಪ್ಪಿಗೂ ಅದು ಬಂತು. ಈಗ ಡ್ರಾ ಅಂದರೆ ಮೂರನೇ ಒಂದು ಪಾಲು ಮಾತ್ರ. ಅಂದರೆ ಟಿಕೆಟ್ಟಿಗೆ ದುಡ್ಡು ಹಾಕಿ ಹೋದವನು ಗೆಲ್ಲೋದಕ್ಕೇ ಆಡಬೇಕು.

ಚಿನ್ನ ಹೋಯಿತು, ಆಟ ಉಳಿಯಿತು

ಚಿನ್ನದ ಗಣಿ ಊರಿಗೆ ಫುಟ್‌ಬಾಲ್ ಹೊಸದಲ್ಲ. ಬ್ರಿಟಿಷ್ ಕಂಪನಿ ಗಣಿ ನಡೆಸುತ್ತಿದ್ದ ಕಾಲದಿಂದ ಗಣಿ ಲೈನುಗಳ ಹುಡುಗರ ಕಾಲಿಗೆ ಬಾಲು ಸಿಕ್ಕಿದೆ. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರು ಅದು. ಅಪ್ಪಂದಿರು ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ಮೂರು ಕಿಲೋಮೀಟರ್ ಆಳದವರೆಗೆ ಇಳಿದು ದುಡಿದರು. ಮಕ್ಕಳು ಮೇಲೆ ಕೆಂಪು ಮಣ್ಣಿನಲ್ಲಿ ಗೋಲು ಹೊಡೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸವೂ ಹೋಯಿತು.

ಆಮೇಲೆ ಉಳಿದ ದಾರಿ ಒಂದೇ, ಬೆಂಗಳೂರಿನ ರೈಲು. ಕತ್ತಲು ಹರಿಯುವ ಮುಂಚೆ ಹತ್ತಿ, ಕತ್ತಲಾದ ಮೇಲೆ ಇಳಿಯುವ ಜನ ಸಾವಿರಾರು. ಬಸ್ಸಿಗೆ ಕಾದು ನಿಂತು ಈ ಪೇಪರ್ ಓದುವವರಿಗೆ ಆ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆ ನೋಡಿ, ಅದೇ ಹುಡುಗ ದಿನಾ ಬೆಂಗಳೂರಿಗೆ ಹೋಗುತ್ತಾನೆ. ಅವನು ಕೆಲಸ ಮಾಡುವ ಜಾಗದಿಂದ ಸ್ಟೇಡಿಯಂ ನಾಲ್ಕಾರು ಸ್ಟಾಪು ಇರಬಹುದು. ಆದರೂ ಬೆಂಗಳೂರಿನಲ್ಲಿ ಆಡೋದಕ್ಕೆ ಬೆಂಗಳೂರಿನ ಕೆಲಸಕ್ಕೇ ರಜಾ ಹಾಕಬೇಕು!

ಆಡುವ ನೆಲವೂ ಬೇರೆ. ಗೋಲಿನ ಕಂಬ ಎಲ್ಲಿ ಹೋದರೂ ಅಷ್ಟೇ: 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಆದರೆ ಅಶೋಕನಗರದಲ್ಲಿ ಹಾಸಿರೋದು ಕೃತಕ ಹುಲ್ಲು. ಕಲ್ಲು ಮಣ್ಣಿನಲ್ಲಿ ಬಾಲು ಎಲ್ಲಿ ಪುಟಿಯುತ್ತೆ ಅಂತ ಕಣ್ಣುಮುಚ್ಚಿ ಹೇಳುವವನಿಗೆ, ಅಲ್ಲಿ ಬಾಲು ಜಾರಿಕೊಂಡು ಓಡೋದನ್ನು ಹಿಡಿಯೋದರಲ್ಲೇ ಮೊದಲ ಹತ್ತು ನಿಮಿಷ ಹೋಗುತ್ತದೆ. ಬೂಟೂ ಬೇರೆ ಬೇಕು. ಇರೋದು ಒಂದೇ ಜೊತೆ.

ಪರಊರಿನಲ್ಲಿ ಗೆದ್ದವರು

ಇಷ್ಟೆಲ್ಲ ಕಷ್ಟಪಟ್ಟು ಹೋಗಿ ಏನು ಸಿಗುತ್ತೆ ಅಂತ ಯಾರಾದರೂ ಕೇಳಬಹುದು. ಈ ನಾಡಿನ ಫುಟ್‌ಬಾಲಿನ ದೊಡ್ಡ ದೊಡ್ಡ ದಿನಗಳೆಲ್ಲ ಪರಊರಿನಲ್ಲೇ ಬಂದವು ಎಂದರೆ ತಪ್ಪಾಗಲಾರದು. ಬ್ರಿಟಿಷ್ ಪಟಾಲಂಗಳ ತಂಡಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಹೊಡೆದುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷ ಹೋಗಿ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹುಡುಗರು ಬಹುಪಾಲು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು 2-1ರಿಂದ ಸೋತರು, ಅದೂ ಎರಡು ಪೆನಾಲ್ಟಿ ಕೈಬಿಟ್ಟು. ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಕರ್ನಾಟಕ 54 ವರ್ಷ ಕಾದಿತು. ಆಮೇಲೆ ಕಪ್ಪು ಬಂದದ್ದು ಎಲ್ಲಿಂದ? ಸೌದಿ ಅರೇಬಿಯಾದ ರಿಯಾದ್‌ನಿಂದ. 2023ರ ಮಾರ್ಚ್ 4ರಂದು ಅಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದಾಯಿತು.

ದೊಡ್ಡ ತಂಡಕ್ಕೆ ಆಟಗಾರ ಆಕಾಶದಿಂದ ಉದುರೋದಿಲ್ಲ. ಮೊದಲು ಅವನು ಇಂಥ ಸಣ್ಣ ಲೀಗಿನಲ್ಲಿ ಯಾರದೋ ಕಣ್ಣಿಗೆ ಬೀಳಬೇಕು. ಕಣ್ಣಿಗೆ ಬೀಳಬೇಕಾದರೆ ಮೈದಾನಕ್ಕೆ ಇಳಿಯಬೇಕು. ಇಳಿಯಬೇಕಾದರೆ ರೈಲು ಸಿಗಬೇಕು, ರಜಾ ಸಿಗಬೇಕು.

ಅಂಗಡಿ ಸಾಹುಕಾರರು ಗಣಪತಿಗೆ ಕೊಡುತ್ತಾರೆ, ಉರುಸಿಗೆ ಕೊಡುತ್ತಾರೆ, ರಾಜ್ಯೋತ್ಸವದ ಬಂಟಿಂಗಿಗೆ ಕೊಡುತ್ತಾರೆ. ರಸೀದಿ ಪುಸ್ತಕ ಹಿಡಿದು ಫುಟ್‌ಬಾಲ್ ಹುಡುಗರು ಬಂದರೆ ಮಾತ್ರ "ಆಮೇಲ್ ಬಾರಪ್ಪ." ಹೋಗಲಿ, ದುಡ್ಡು ಕೊಡೋದು ಬಿಡೋದು ಅವರಿಷ್ಟ. ಆದರೆ ಕೈಕೆಳಗಿನ ಹುಡುಗ ಮ್ಯಾಚಿದೆ ಅಂತ ಒಂದು ದಿನ ರಜಾ ಕೇಳಿದರೆ ಮುಖ ಗಂಟಿಕ್ಕುವ ಮುಂಚೆ ಒಂದು ಲೆಕ್ಕ ಹಾಕಿ ನೋಡಲಿ. ಕೌಂಟರಿನಲ್ಲಿ ಒಬ್ಬ ಕಮ್ಮಿಯಾದರೆ ಆವತ್ತು ಗಿರಾಕಿ ಐದು ನಿಮಿಷ ಕಾಯುತ್ತಾನೆ, ಅಷ್ಟೆ. ಅಲ್ಲಿ ಒಬ್ಬ ಕಮ್ಮಿಯಾದರೆ ಏಳು ಆರಾಗುತ್ತದೆ. ಆರಕ್ಕೆ ರೆಫರಿ ಸೀಟಿ ಊದೋದಿಲ್ಲ.