ಬಾಗಿಯೂ ತಿರುಗುವ ಕೀಲು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಎರಡು ಮುಖಗಳಿವೆ. ಒಂದು, ಬಂಡೆಯ ಮೇಲೆ ಬಂಡೆಯನ್ನಿರಿಸಿದಂತೆ ನಿಂತ ಬೆಟ್ಟಗಳ ಮುಖ. ಇನ್ನೊಂದು, ಕಣ್ಣು ಹರಿಯುವವರೆಗೂ ಹಬ್ಬಿದ ಎರೆಭೂಮಿಯ ಮುಖ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುವ ಈ ಕಪ್ಪು ಮಣ್ಣು, ಒಂದು ಹದ ಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ದಾರಿಯ ಎರಡು ಗಾಲಿಗುಳಿಗಳ ನಡುವಣ ದಿಬ್ಬ ವಾಹನದ ಹೊಟ್ಟೆಗೆ ತಗುಲುತ್ತದೆ. ಇಂಥ ನೆಲದಲ್ಲಿ ಓಡಾಡುವವನಿಗೆ ತನ್ನ ಜೀಪು ಇನ್ನೊಂದು ಗೇಣು ಎತ್ತರವಾಗಿದ್ದರೆ ಎಷ್ಟು ಚೆನ್ನು ಎನ್ನಿಸುವುದು ಸಹಜ. ಅಚ್ಚಿಗೂ ಕಮಾನುಪಟ್ಟಿಗೂ ನಡುವೆ ದಪ್ಪ ಉಕ್ಕಿನ ತುಂಡುಗಳನ್ನು ಸೇರಿಸಿ, ಇಲ್ಲವೆ ಹೆಚ್ಚು ಬಾಗಿದ ಪಟ್ಟಿಗಳನ್ನು ಜೋಡಿಸಿ ಜೀಪಿನ ಮೈಯನ್ನು ಎತ್ತರಿಸುವುದುಂಟು. ಮೈ ಮೇಲೇರಿದಾಗ ಅಡಿಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಅನೇಕರು ಯೋಚಿಸುವುದಿಲ್ಲ.

ಎತ್ತಿನ ಬಂಡಿಗೆ ಈ ಚಿಂತೆಯಿಲ್ಲ. ಎತ್ತು ಎಳೆಯುತ್ತದೆ, ಗಾಲಿ ಉರುಳುತ್ತದೆ. ಜೀಪಿನಲ್ಲಾದರೋ ಎಂಜಿನ್ನಿನ ಬಲವನ್ನು ಅಚ್ಚಿಗೆ ತಂದೊಪ್ಪಿಸಬೇಕು. ಗೇರುಪೆಟ್ಟಿಗೆ ಮೇಲೆ ಚೌಕಟ್ಟಿನಲ್ಲಿ ಭದ್ರವಾಗಿದೆ. ಅಚ್ಚು ಕೆಳಗೆ ಕಮಾನುಪಟ್ಟಿಗಳಲ್ಲಿ ಏರಿಳಿಯುತ್ತಿದೆ. ಇವೆರಡನ್ನು ಕೂಡಿಸುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಟೊಳ್ಳು ಉಕ್ಕಿನ ದಂಡ. ಅದರ ಎರಡು ತುದಿಗಳಲ್ಲೂ ಒಂದೊಂದು ಕೀಲು. ಎದುರುಬದುರಾದ ಎರಡು ಕವೆಗಳು, ಅವುಗಳ ನಡುವೆ ಶಿಲುಬೆಯಾಕಾರದ ಉಕ್ಕಿನ ತುಂಡು: ಇಷ್ಟೇ ಅದರ ರಚನೆ. ಮೆಕ್ಯಾನಿಕ್ಕುಗಳು ಆ ತುಂಡನ್ನು ‘ಕ್ರಾಸ್’ ಎನ್ನುತ್ತಾರೆ.

ಈ ಕೀಲು ಹುಟ್ಟಿದ್ದು ಮೋಟಾರಿಗಾಗಿ ಅಲ್ಲ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1676ರಲ್ಲಿ ಇದನ್ನು ವರ್ಣಿಸಿದ್ದು ಸೂರ್ಯವೀಕ್ಷಣೆಯ ಉಪಕರಣಗಳನ್ನು ಕುರಿತ ತನ್ನ ಗ್ರಂಥದಲ್ಲಿ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಮೋಟಾರುಗಾಡಿಗೆ ಒಪ್ಪುವ ಕೀಲಿಗೆ ಪೇಟೆಂಟ್ ಪಡೆದನು. ಆಗ ಬಹಳಷ್ಟು ಗಾಡಿಗಳು ಸೈಕಲ್ಲಿನಂತೆ ಸರಪಳಿಯಿಂದ ಓಡುತ್ತಿದ್ದುವು.

ಬಾಗಿದ್ದರೂ ತಿರುಗುವುದು ಈ ಕೀಲಿನ ಗುಣ. ಆದರೆ ಬಾಗಿದಾಗ ಒಂದೇ ಸಮನೆ ತಿರುಗದಿರುವುದು ಅದರ ದೋಷ. ಈಚೆಯ ದಂಡ ಎಷ್ಟೇ ನಯವಾಗಿ ಸುತ್ತಿದರೂ, ಆಚೆಯ ದಂಡ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಓರೆ 10 ಡಿಗ್ರಿಯಿದ್ದರೆ ಈ ಏರುಪೇರು ಶೇಕಡಾ ಒಂದೂವರೆ. 20 ಡಿಗ್ರಿಗೆ ಸುಮಾರು ಶೇಕಡಾ 6. ಓರೆ ಇಮ್ಮಡಿಯಾದರೆ ದೋಷ ನಾಲ್ಮಡಿಯಾಗುತ್ತದೆ.

ಪರಿಹಾರ ಎರಡನೆಯ ಕೀಲಿನಲ್ಲಿದೆ. ದಂಡದ ಎರಡು ತುದಿಯ ಕವೆಗಳೂ ಒಂದೇ ಮಟ್ಟದಲ್ಲಿದ್ದು, ಎರಡು ಕಡೆಯ ಓರೆಯೂ ಸಮನಾಗಿದ್ದರೆ, ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ತಿದ್ದುತ್ತದೆ. ಆದ್ದರಿಂದಲೇ ಗೇರುಪೆಟ್ಟಿಗೆಯಿಂದ ಹೊರಟ ದಂಡವೂ, ಹಿಂದಿನ ಅಚ್ಚಿನ ಗುಂಡು ಪೆಟ್ಟಿಗೆಯಿಂದ ಮುಂಚಾಚಿದ ಪಿನಿಯನ್ ದಂಡವೂ ಪರಸ್ಪರ ಸಮಾನಾಂತರವಾಗಿರಬೇಕು. ಓರೆ ಪೂರ್ತಿ ಇಲ್ಲದಿರುವುದೂ ಹಿತವಲ್ಲ. ಕ್ರಾಸಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ನಿಂತಲ್ಲೇ ನಿಂತು ಲೋಹದಲ್ಲಿ ಕುಳಿ ಬೀಳುತ್ತದೆ.

ಮೈ ಎತ್ತರಿಸಿದೊಡನೆ ನಡುವಣ ದಂಡ ಕಡಿದಾಗಿ ಇಳಿಯತೊಡಗುತ್ತದೆ. ಎರಡು ಕೀಲುಗಳ ಓರೆಯೂ ಹೆಚ್ಚುತ್ತದೆ. ಗೇರುಪೆಟ್ಟಿಗೆಗೂ ಅಚ್ಚಿಗೂ ದೂರ ಬೆಳೆಯುವುದರಿಂದ ದಂಡದ ಜಾರುಕೀಲು ಹೊರಕ್ಕೆ ಜರುಗಿ ಅದರ ಹಿಡಿತ ಕುಂದುತ್ತದೆ. ಇದನ್ನು ಸರಿಪಡಿಸಲು ಕೆಲವರು ಅಚ್ಚಿನಡಿ ಬೆಣೆಯಿಟ್ಟು ಪಿನಿಯನ್ನಿನ ಮೂತಿಯನ್ನು ಗೇರುಪೆಟ್ಟಿಗೆಯತ್ತ ಎತ್ತುತ್ತಾರೆ. ಹಿಂದಿನ ಕೀಲಿನ ಓರೆ ತಗ್ಗುತ್ತದೆ, ನಿಜ. ಆದರೆ ಸಮಾನಾಂತರ ಕೆಡುತ್ತದೆ. ತಪ್ಪು ಮಾಡುವ ಕೀಲು ಉಳಿಯಿತು, ತಿದ್ದುವ ಕೀಲು ಇಲ್ಲವಾಯಿತು! ವೇಗ ಏರಿದಂತೆ ಗಾಡಿ ಗಡಗಡ ನಡುಗುತ್ತದೆ, ಕ್ರಾಸು ಬೇಗ ಸವೆಯುತ್ತದೆ. ಮೂತಿ ಅತಿಯಾಗಿ ಎದ್ದರೆ ಪಿನಿಯನ್ನಿನ ಬೇರಿಂಗಿಗೆ ಎಣ್ಣೆ ತಲಪುವುದೂ ಕಷ್ಟ. ಗೇರುಪೆಟ್ಟಿಗೆಯ ತುದಿಯಲ್ಲಿ ಬೆನ್ನಿಗೆ ಬೆನ್ನಾದ ಜೋಡಿಕೀಲನ್ನು ಕೂರಿಸಿದಾಗ ಮಾತ್ರ ಪಿನಿಯನ್ನನ್ನು ದಂಡದ ನೇರಕ್ಕೆ ತಿರುಗಿಸಬಹುದು. ಆ ಜೋಡಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇದಲ್ಲದೆ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಈ ಕೀಲನ್ನು ನೋಡಲು ಜೀಪಿನಡಿ ನುಸುಳಲೇಬೇಕೆಂದಿಲ್ಲ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದುವು. ಅಲ್ಲಿ ಟ್ರಾಕ್ಟರಿನ ಬಲವನ್ನು ಹಿಂದಿನ ರೋಟವೇಟರಿಗೆ ಒಯ್ಯುವುದೂ ಇಂಥದೇ ಎರಡು ಕೀಲುಗಳ ದಂಡ. ಬದುವಿನಲ್ಲಿ ತಿರುಗಿಸುವಾಗ ಚಾಲಕನು ರೋಟವೇಟರನ್ನು ಮೇಲೆತ್ತುತ್ತಾನೆ; ಆ ಕ್ಷಣ ಕೀಲುಗಳ ಓರೆ ಹೆಚ್ಚುತ್ತದೆ. ದಂಡವನ್ನು ನಿಲ್ಲಿಸದೆ ಎತ್ತಿದರೆ ಕೇಳಿಬರುವ ಕಟಕಟ ಸದ್ದು ಕ್ರಾಸಿನ ಗೋಳು. ಕ್ರಾಸು ಮುರಿದರೆ ಹೊಸದು ಸಿಕ್ಕೀತು. ಆದರೆ ಈ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. 8 ಸೆಂಟಿಮೀಟರು ದಪ್ಪದ ದಂಡವಾದರೆ ಒಂದೇ ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕರೆ ಕೂಗುವಷ್ಟರಲ್ಲಿ ಅನಾಹುತ ಮುಗಿದಿರುತ್ತದೆ. ದಂಡದ ಮೇಲೆ ಕಾರ್ಖಾನೆಯವರೇ ತೊಡಿಸಿದ ಪ್ಲಾಸ್ಟಿಕ್ ಕವಚವನ್ನು ಗ್ರೀಸು ಹಾಕಲು ಅಡ್ಡಿಯೆಂದು ಕಿತ್ತೊಗೆಯುವುದು ಪ್ರಾಣದೊಡನೆ ಆಡುವ ಜೂಜು.

ಎತ್ತರಿಸಲೇಬೇಕೆನ್ನುವವರು ಮೊದಲು ಅಳೆಯಲಿ. ಮಕ್ಕಳ ಕಂಪಾಸುಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ಟು ತೂಗಬಿಟ್ಟರೆ ಓರೆಯನ್ನು ಸ್ಥೂಲವಾಗಿ ತಿಳಿಯಬಹುದು. ಗಾಡಿ ಸಮನೆಲದಲ್ಲಿ ನಿಂತಿರಲಿ, ಎಂಜಿನ್ ಆರಿರಲಿ, ಗಾಲಿಗಳಿಗೆ ಕಲ್ಲು ಕೊಟ್ಟಿರಲಿ. ಗೇರುಪೆಟ್ಟಿಗೆಯ ದಂಡ, ನಡುದಂಡ, ಪಿನಿಯನ್ ಈ ಮೂರರ ಓರೆಯನ್ನೂ ಎತ್ತರಿಸುವ ಮುನ್ನ ಒಮ್ಮೆ, ಆಮೇಲೊಮ್ಮೆ ಬರೆದಿಟ್ಟುಕೊಂಡರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ.