ಕಿಲೋ ಲೆಕ್ಕದಲ್ಲಿ ಉಳಿ, ಟ್ರಂಕು ತುಂಬ ಆಸೆ

ಮೊನ್ನೆ ಸಂಜೆ ಮೈಸೂರಿನ ಸಿಟಿ ಬಸ್ಸಿನಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚೀಲದ ಬಾಯಿಂದ ಗರಗಸದ ಮೂತಿ ಇಣುಕುತ್ತಿತ್ತು. ಕಂಡಕ್ಟರು ನೋಡಿ, “ಏನ್ ಯಜಮಾನ್ರೇ, ಸೀಟು ಕುಯ್ಕೊಂಡು ಮನೆಗೆ ಒಯ್ಯೋ ಪ್ಲಾನಾ?” ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರೂ ನಕ್ಕರು. ಚೀಲವನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಮೇಷ್ಟ್ರಿಗೆ ಮರಗೆಲಸದ ಹುಚ್ಚು. ಅದರಲ್ಲೂ ಪೈಪು ಮಾಡುವ ಹುಚ್ಚು. ನೀರಿನ ಪೈಪಲ್ಲ ಸ್ವಾಮಿ! ಹಿಂದೆ ಸಾಹೇಬರು ಬಾಯಲ್ಲಿ ಕಚ್ಚಿಕೊಂಡು ಹೊಗೆ ಬಿಡುತ್ತಿದ್ದರಲ್ಲ, ಆ ಪೈಪು. ಮೇಷ್ಟ್ರು ಬೀಡಿ ಕೂಡ ಸೇದಿದವರಲ್ಲ. “ಹೊಗೆ ಯಾರಿಗ್ ಬೇಕು ಸ್ವಾಮಿ? ಮಾಡೋದ್ರಲ್ಲಿದೆ ಮಜಾ” ಅನ್ನುತ್ತಾರೆ. ಮಾಡಿದ್ದೆಲ್ಲ ಶೋಕೇಸಿಗೆ.

ಒಳ್ಳೆ ಪೈಪು ಆಗುವುದು ಬ್ರಯರ್ ಎಂಬ ಗಿಡದ ಬೇರುಗಂಟಿನಿಂದ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಗುಡ್ಡಗಳ ಗಿಡ. ಗಂಟನ್ನು ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿಯ ಕಾವಿಗೆ ಅದು ಬೇಗ ಜಗ್ಗುವುದಿಲ್ಲ. ಬೊಂಬೆಗೆ ನಮ್ಮ ಚನ್ನಪಟ್ಟಣ ಹೇಗೋ, ಈ ಪೈಪಿಗೆ ಫ್ರಾನ್ಸಿನ ಸೇಂಟ್ ಕ್ಲೋಡ್ ಹಾಗೆ. 19ನೇ ಶತಮಾನದಿಂದ ಹೆಸರುವಾಸಿ. ಮೇಷ್ಟ್ರ ಹತ್ತಿರ ಅಂಥ ತುಂಡು ಇರುವುದು ಎರಡೇ. ಕೈ ಪಳಗಿಸುವುದೆಲ್ಲ ಹಲಸು, ಹೊನ್ನೆಯ ಚೂರುಗಳ ಮೇಲೆ.

ತುಂಡಿಗೆ ಎರಡು ತೂತು ಕೊರೆಯಬೇಕು. ಮೇಲಿಂದ ಹೊಗೆಸೊಪ್ಪು ತುಂಬುವ ಸುಮಾರು 20 ಮಿಲಿಮೀಟರಿನ ಗುಳಿ. ಪಕ್ಕದಿಂದ ಹೊಗೆ ಎಳೆಯುವ ಸುಮಾರು 4 ಮಿಲಿಮೀಟರಿನ ಸಣ್ಣ ತೂತು. ಇದು ಹೋಗಿ ಸರಿಯಾಗಿ ಗುಳಿಯ ತಳಕ್ಕೇ ಸೇರಬೇಕು. ಮೇಲೆ ಸೇರಿದರೆ ತಳದ ಸೊಪ್ಪು ಒದ್ದೆಯಾಗಿ ಉಳಿಯುತ್ತದೆ. ಕೆಳಗೆ ಹೋದರೆ ಗುಳಿಯನ್ನು ಮುಟ್ಟುವುದೇ ಇಲ್ಲ. ಆಮೇಲೆ ಗರಗಸ, ಉಳಿ, ಒರಟು ಅರ, ನಯ ಅರ, ಉಪ್ಪುಕಾಗದ. ಬೈರಿಗೆ ಸೇರಿಸಿ ಎಣಿಸಿದರೂ ಏಳೆಂಟು ಹತಾರ ಸಾಕು.

ಆದರೆ ಮೇಷ್ಟ್ರ ಮಂಚದ ಕೆಳಗಿನ ಟ್ರಂಕು ತೆಗೆದು ನೋಡಿ. ಉಳಿಗಳೇ 23! ತೋಪಡ 5, ಗರಗಸ 6, ಅರಗಳಿಗೆ ಲೆಕ್ಕವಿಲ್ಲ. “ಚಿನ್ನ ಕೊಡ್ಸಿ ಅಂದ್ರೆ ಕಬ್ಬಿಣ ತರ್ತಾರೆ” ಎಂದು ಮನೆಯವರ ದೂರು.

ಇಷ್ಟೆಲ್ಲ ಎಲ್ಲಿಂದ ಬಂತು? ಹೆಚ್ಚಿನವು ಗುಜರಿಯಿಂದ. ಮರಗೆಲಸದವರ ಕೈಗೆ ಈಗ ಕರೆಂಟಿನ ಮೆಷಿನ್ನು ಬಂದಿದೆ. ಗಿರಾಕಿ ಪ್ಲೈವುಡ್ಡು, ರೆಡಿಮೇಡ್ ಕಪಾಟು ಕೇಳುತ್ತಾನೆ. ಅಪ್ಪನ ಕೈ ನಡುಗತೊಡಗಿದರೆ ಪೆಟ್ಟಿಗೆ ತಕ್ಕಡಿಗೆ ಹತ್ತುತ್ತದೆ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಉಳಿ, ದಸರಾ ಕಳೆದ ಮೇಲೆ ಮುರಿದ ಸೈಕಲ್ಲಿನ ಜೊತೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ.

ಮೇಷ್ಟ್ರು ಕೊಂಡ ಒಂದು ಉಳಿಯ ಹಿಡಿಯ ಮೇಲೆ ಎರಡಕ್ಷರ ಕೊರೆದಿತ್ತು. ಯಾರದ್ದೋ ಹೆಸರು. ಮನಸ್ಸು ತಡೆಯದೆ ಗುಜರಿಯವರನ್ನೇ ಕೇಳಿಕೊಂಡು ಹುಡುಕಿ ಹೋದರು. ಉಳಿಯ ಯಜಮಾನರು ಜಗಲಿಯ ಮೇಲೆ ಕೂತಿದ್ದಾರೆ! ಎಂಬತ್ತರ ಹತ್ತಿರದ ಆಚಾರ್ರು. ಮಗ ಮಾರಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರು ಉಳಿಯನ್ನು ಮುಂದಿಟ್ಟರು. ಆಚಾರ್ರು ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದರು.

“ತಗೊಂಡು ಎಷ್ಟ್ ದಿನ ಆಯ್ತು ಮೇಷ್ಟ್ರೇ?”

“ನಾಲ್ಕು ತಿಂಗಳು ಆಚಾರ್ರೇ.”

“ನಾಕ್ ತಿಂಗ್ಳಿಂದ ಸಾಣೆ ಕಂಡಿಲ್ಲ. ಗುಜರೀಲಿದ್ರೂ ಒಂದೇ, ನಿಮ್ಮನೇಲಿದ್ರೂ ಒಂದೇ.”

ಮೇಷ್ಟ್ರಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಜೀವಮಾನವೆಲ್ಲ ಪಾಠ ಹೇಳಿದವರು ಅವತ್ತು ಜಗಲಿಯ ಮೇಲೆ ವಿದ್ಯಾರ್ಥಿಯಾಗಿ ಕೂತರು. ತುಕ್ಕು ಹಿಡಿದದ್ದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕು. ಮೊದಲು ಉಳಿಯ ಬೆನ್ನನ್ನು ಕಲ್ಲಿನ ಮೇಲೆ ಮಟ್ಟ ಮಾಡು, ಆಮೇಲೆ ಇಳಿಜಾರಿನ ಕಡೆಗೆ ಹೋಗು. ಮೆಷಿನ್ ಕಲ್ಲಿಗೆ ಒತ್ತಿ ಹಿಡಿಯಬೇಡ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೋ, ಹದ ಹೋಯ್ತು ಅಂತ ತಿಳ್ಕೋ. ನಮ್ಮ ಹಳೇ ಕಾಲದ ಗರಗಸ ಎಳೆದರೆ ಕುಯ್ಯುತ್ತೆ, ಇಂಗ್ಲಿಷಿನವರದು ತಳ್ಳಿದರೆ ಕುಯ್ಯುತ್ತೆ. ಹಲ್ಲು ನೋಡಿ ಕೈ ಹಾಕು. ಹೀಗೆ ಪಾಠ ಸಾಗಿತು. ಹೊರಟಾಗ ಮೇಷ್ಟ್ರು ಉಳಿಯನ್ನು ಅಲ್ಲೇ ಬಿಟ್ಟು ಎದ್ದರೆ, ಆಚಾರ್ರು ತಾವೇ ಅದನ್ನು ಚೀಲಕ್ಕೆ ಹಾಕಿದರು. “ಕೆಲ್ಸ ಮಾಡ್ಸಿ ಅದ್ರ ಕೈಲಿ” ಅಂದರಂತೆ. ಅಷ್ಟೇ ಮಾತು.

ಗುಜರಿ ಅಂಗಡಿಯ ಮಾಲೀಕರಲ್ಲಿ ನಮ್ಮದೊಂದು ವಿನಂತಿ. ಉಳಿ, ಬಾಚಿ, ತೋಪಡ ಬಂದರೆ ಕಬ್ಬಿಣದ ರಾಶಿಗೆ ಎಸೆಯಬೇಡಿ. ಒಂದು ಬುಟ್ಟಿ ಬೇರೆ ಇಡಿ. ತೂಕದ ರೇಟಿಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಒಯ್ಯುವವರು ಇದ್ದಾರೆ; ನಿಮಗೂ ಲಾಭ, ಉಳಿಗೂ ಆಯಸ್ಸು. ಕೊಳ್ಳುವವರಿಗೂ ಒಂದು ಮಾತು: ಮನೆಯಲ್ಲಿರುವುದಕ್ಕೆ ಸಾಣೆ ಹಿಡಿಯದೆ ಹೊಸದಕ್ಕೆ ಕೈ ಚಾಚಬೇಡಿ. ಕೊಂಡ ಮಾತ್ರಕ್ಕೆ ಹತಾರ ನಮ್ಮದಾಗುವುದಿಲ್ಲ.

ಮೇಷ್ಟ್ರ 23 ಉಳಿಗಳಲ್ಲಿ ಈಗ 6ಕ್ಕೆ ಸಾಣೆ ಆಗಿದೆ. ಭಾನುವಾರಕ್ಕೊಂದರಂತೆ ಮಿಕ್ಕವು ಸರದಿಯಲ್ಲಿವೆ. ಹಾಗಾದರೆ ಮೊನ್ನೆ ಬಸ್ಸಿನಲ್ಲಿ ಕಂಡ ಗರಗಸ ಏನು ಮೇಷ್ಟ್ರೇ, ಏಳನೇದಾ ಎಂದು ಕೇಳಿದೆವು. ತಲೆ ಕೆರೆದುಕೊಂಡರು.

“ಏನ್ಮಾಡ್ಲಿ ಸ್ವಾಮಿ, ತಕ್ಕಡೀಲಿತ್ತು. ನೋಡ್ಕೊಂಡು ಬರಕ್ಕಾಗ್ಲಿಲ್ಲ!”